ಲೋಟ ಕೈಯಿಂದ ಜಾರುತ್ತದೆ, ಆದರೆ ನೋವಿಲ್ಲ. ವಾತ ಇರುವವರಿಗೆ ಹೀಗೂ ಆಗುತ್ತಾ?

ದಾಸವಾಳ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ, ರುಮಟಾಯ್ಡ್ ಅನ್ನುವ ಕೀಲು ಊದುವ ವಾತ ಶುರುವಾಗಿ 9 ವರ್ಷ ಆಯಿತು. ವಾತಕ್ಕೆ ವಾರಕ್ಕೊಂದು ದಿನ ಮೆಥೊಟ್ರೆಕ್ಸೇಟ್ ಔಷಧಿ, ಜೊತೆಗೆ ಫೋಲಿಕ್ ಆಸಿಡ್, ಇಲ್ಲಿ ಬಹಳ ಜನಕ್ಕೆ ಗೊತ್ತಿರುವ ಕಥೆಯೇ. ನೋವು ಈಗ ಹತೋಟಿಯಲ್ಲಿದೆ. ಬೆಳಿಗ್ಗೆ ಅರ್ಧ ಗಂಟೆ ಬೆರಳು ಮಡಚುವುದು ಕಷ್ಟ, ಆಮೇಲೆ ಪರವಾಗಿಲ್ಲ. ಹಾಗಾಗಿ ಇದು ನೋವಿನ ಪ್ರಶ್ನೆ ಅಲ್ಲ.

ಗೌರಿ ಹಬ್ಬಕ್ಕೆ ಹೂ ಕಟ್ಟುತ್ತಾ ಕೂತಿದ್ದೆ. 30 ವರ್ಷದಿಂದ ಟಿವಿ ನೋಡುತ್ತಾ, ಜಗಳ ಆಡುತ್ತಾ, ಕರೆಂಟ್ ಹೋದ ಕತ್ತಲಲ್ಲೂ ಸೇವಂತಿಗೆ ಕಟ್ಟಿದವಳು ನಾನು. ಕೈ ತನ್ನ ಪಾಡಿಗೆ ಕಟ್ಟುತ್ತಿತ್ತು, ಬಾಯಿ ತನ್ನ ಪಾಡಿಗೆ ಮಾತಾಡುತ್ತಿತ್ತು. ಈ ಸಲ ಬಾಳೆನಾರು ಬೆರಳ ಸಂದಿಯಲ್ಲಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡೇ ಕಟ್ಟಬೇಕಾಯಿತು. ಕಣ್ಣು ತೆಗೆದರೆ ಗಂಟು ಸಡಿಲ. ಒಂದು ಮಾರು ಮುಗಿಯುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಂಡಿತು.

ಯೋಚಿಸಿದರೆ ಇದು ಹೊಸದಲ್ಲ. ಬಸ್ಸಿನಲ್ಲಿ ಪರ್ಸಿಗೆ ಕೈ ಹಾಕಿದರೆ ಒಂದು ರೂಪಾಯಿ ಯಾವುದು, ಎರಡು ರೂಪಾಯಿ ಯಾವುದು ತಿಳಿಯುವುದಿಲ್ಲ. ಈ ಮಳೆಗಾಲದಲ್ಲಿ ನಾಲ್ಕು ಲೋಟ ಒಡೆದಿದ್ದೇನೆ. ಮನೆಯವರು "ನಿನಗೆ ಗಮನ ಇಲ್ಲ" ಅನ್ನುತ್ತಾರೆ. ಡಾಕ್ಟರ್ ಪ್ರತಿ ಸಲ "ನೋವು ಹೇಗಿದೆ, ಊತ ಇದೆಯಾ" ಎಂದು ಕೇಳುತ್ತಾರೆ, "ಪರವಾಗಿಲ್ಲ" ಅಂತ ಬಂದುಬಿಡುತ್ತೇನೆ. ಸುಳ್ಳೇನೂ ಅಲ್ಲವಲ್ಲ. ತಾಗಿದ್ದು ಗೊತ್ತಾಗುವುದಿಲ್ಲ ಎಂದು ಹೇಳಬೇಕು ಅಂತಲೂ ನನಗೆ ಹೊಳೆದಿರಲಿಲ್ಲ. ಇದು ವಾತದ್ದೇ ಭಾಗವಾ? ಬೇರೆ ಯಾರಿಗಾದರೂ ಆಗಿದೆಯಾ?

ಕಲ್ಪತರು (ಅರಸೀಕೆರೆ)

ಬಿ 12 ಕಡಿಮೆ ಇರುತ್ತದೆ ಅಷ್ಟೇ. ನನಗೂ ಕೈಕಾಲು ಜೋಮು ಬರುತ್ತಿತ್ತು, ಇಂಜೆಕ್ಷನ್ ತಗೊಂಡೆ, ಸರಿ ಹೋಯಿತು. ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಘಾಟಿ ಡ್ರೈವರ್ (ಸಕಲೇಶಪುರ)

ಅಣ್ಣಾ, ನಿಮಗೆ ಸರಿ ಹೋಯಿತು ಅಂತ ಎಲ್ಲರಿಗೂ ಅದೇ ಆಗಬೇಕಾ? ನನಗೂ ಹೀಗೇ ಒಬ್ಬರು ವಿಟಮಿನ್ ಎಂದು ಹೇಳಿ ಒಂದೂವರೆ ವರ್ಷ ಕಳೆದೆ. ಮಾತ್ರೆ ನುಂಗಿದ್ದಷ್ಟೇ ಬಂತು. ದಾಸವಾಳ ಅಕ್ಕ, ರಾತ್ರಿ ಎಚ್ಚರ ಆಗುತ್ತದಾ ನಿಮಗೆ? ಕೈ ಒದರಬೇಕು ಅನ್ನಿಸುತ್ತದಾ? ಅದನ್ನು ಮೊದಲು ಹೇಳಿ.

ಕೈಕೆಲಸ (ಹಾಸನ)

ನಾನು ಡಾಕ್ಟರ್ ಅಲ್ಲ. ಕೈಗೆ ಪೆಟ್ಟಾದವರಿಗೆ, ವಾತದವರಿಗೆ ಮತ್ತೆ ದಿನದ ಕೆಲಸ ರೂಢಿ ಮಾಡಿಸುವ ಆಕ್ಯುಪೇಷನಲ್ ಥೆರಪಿ ನನ್ನ ಕೆಲಸ. ಹಾಗಾಗಿ ಲೋಟ ಬೀಳುವ ಕಥೆ ದಿನಾ ಕೇಳುತ್ತೇನೆ.

ಲೋಟ ಬೀಳುವುದರಲ್ಲಿ ಮೂರು ಥರ ಇದೆ. ನೋವಾಗಿ ಬಿಟ್ಟುಬಿಡುವುದು ಒಂದು. ಬಲ ಸಾಲದೆ ಜಾರುವುದು ಇನ್ನೊಂದು. ಹಿಡಿದಿದ್ದೇನೋ ಇಲ್ಲವೋ ಎಂದು ಕೈಗೇ ತಿಳಿಯದೆ ಬೀಳುವುದು ಮತ್ತೊಂದು. ಮೊದಲನೆಯದರಲ್ಲಿ "ಅಯ್ಯೋ" ಮೊದಲು ಬರುತ್ತದೆ, ಲೋಟ ಆಮೇಲೆ ಬೀಳುತ್ತದೆ. ಎರಡನೆಯದರಲ್ಲಿ ತುಂಬಿದ ಬಿಂದಿಗೆ ಜಾರುತ್ತದೆ, ಖಾಲಿ ಲೋಟ ಜಾರುವುದಿಲ್ಲ. ಮೂರನೆಯದರಲ್ಲಿ ಖಾಲಿ ಪ್ಲಾಸ್ಟಿಕ್ ಲೋಟವೂ ಬೀಳುತ್ತದೆ, ಅದೂ ನೀವು ಬೇರೆ ಕಡೆ ನೋಡುತ್ತಿರುವಾಗ. ನಿಮ್ಮದು ಮೂರನೆಯದರ ಹಾಗೆ ಕಾಣುತ್ತದೆ.

ನಾವು ವಸ್ತು ಹಿಡಿಯುವಾಗ ಬೆರಳ ತುದಿಯ ಚರ್ಮ ಸುಮ್ನೆ ಇರುವುದಿಲ್ಲ. ಲೋಟ ಕೂದಲೆಳೆಯಷ್ಟು ಜಾರಿದರೂ ಅದು ಸುದ್ದಿ ಕಳಿಸುತ್ತದೆ, ನಮಗೆ ತಿಳಿಯುವ ಮೊದಲೇ ಕೈ ಇನ್ನೊಂದು ಸ್ವಲ್ಪ ಬಿಗಿ ಹಿಡಿದಿರುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಬೆರಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಇದನ್ನು ನೋಡಿದ್ದರು. ಬಲ ಇದ್ದ ಹಾಗೇ ಇದೆ, ಹಿಡಿತದ ಲೆಕ್ಕ ಮಾತ್ರ ತಪ್ಪುತ್ತದೆ. ಅಂಥ ಕೈಯಲ್ಲಿ ಬೆಂಕಿಕಡ್ಡಿ ಗೀರುವುದೂ ದೊಡ್ಡ ಸಾಹಸ. ಆದ್ದರಿಂದ "ಗಮನ ಇಲ್ಲ" ಅನ್ನುವವರಿಗೆ ಹೇಳಿ, ನಿಮ್ಮ ಗಮನ ಮೊದಲಿಗಿಂತ ಜಾಸ್ತಿಯೇ ಖರ್ಚಾಗುತ್ತಿದೆ. ಬೆರಳು ಮಾಡುತ್ತಿದ್ದ ಕೆಲಸವನ್ನು ಈಗ ಕಣ್ಣು ಮಾಡುತ್ತಿದೆ.

ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ. ಬಟ್ಟೆಯ ಚೀಲದಲ್ಲಿ ಒಂದು ಗುಂಡಿ, ಬೀಗದ ಕೈ, ಹುಣಸೆಬೀಜ, ಕಾಳುಮೆಣಸು, 10 ಮತ್ತು 20 ರೂಪಾಯಿ ನಾಣ್ಯ ಹಾಕಿ. 20 ರೂಪಾಯಿಯದಕ್ಕೆ 12 ಮೂಲೆ ಇದೆ, 10 ರೂಪಾಯಿಯದು ಗುಂಡಗಿದೆ. ನೋಡದೆ ತೆಗೆಯಿರಿ. ಆಮೇಲೆ ಇನ್ನೊಬ್ಬರ ಕೈಯಲ್ಲಿ ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಮುಟ್ಟಿಸಿಕೊಳ್ಳಿ, ಕಣ್ಣು ಮುಚ್ಚಿ. ಯಾವ ಬೆರಳು, ಬೆರಳಿನ ಯಾವ ಬದಿ ಎಂದು ಬರೆದಿಟ್ಟುಕೊಳ್ಳಿ. "ಕೈ ಮರಗಟ್ಟಿದೆ" ಅಂದರೆ ಡಾಕ್ಟರಿಗೆ ಅರ್ಧ ಮಾತ್ರ ತಿಳಿಯುತ್ತದೆ. ಯಾವ ಬೆರಳು ಎಂದು ಹೇಳಿದರೆ ಯಾವ ನರ ಎಂದು ಊಹೆ ಸಿಗುತ್ತದೆ.

ಕಲ್ಪತರು ಅವರ ಮಾತನ್ನೂ ಪೂರ್ತಿ ತಳ್ಳಿಹಾಕುವುದಿಲ್ಲ. ಬಿ 12 ಕಡಿಮೆಯಾದರೂ ಜೋಮು ಬರುತ್ತದೆ, ಬರೀ ಸಸ್ಯಾಹಾರ ತಿನ್ನುವವರಲ್ಲಿ ಜಾಸ್ತಿ. ಆದರೆ ಅದು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದೆ, ಎರಡೂ ಕಡೆ ಒಂದೇ ಥರ.

ಮುದ್ದೆ ಬಸ್ಸಾರು (ಚನ್ನರಾಯಪಟ್ಟಣ)

ನಮ್ಮ ಮನೆಯಲ್ಲಿ ಇದರ ಉಲ್ಟಾ. ಹೆಂಡತಿಗೆ 12 ವರ್ಷದಿಂದ ರುಮಟಾಯ್ಡ್. ಅವಳ ಕೈಗೆ ಬೇಡದ್ದೆಲ್ಲ ಗೊತ್ತಾಗುತ್ತದೆ. ಬಳೆ ಮಣಿಕಟ್ಟಿಗೆ ತಾಗಿದರೆ ಉರಿ. ಉಣ್ಣೆಯ ಶಾಲು ಚುಚ್ಚುತ್ತದೆ. ಮದುವೆ ಮನೆಗೆ ಹೋದರೆ ಕೈ ಕುಲುಕುವವರನ್ನು ಕಂಡರೆ ದೂರದಿಂದಲೇ ನಮಸ್ಕಾರ ಮಾಡಿಬಿಡುತ್ತಾಳೆ. ಊತ ಇಲ್ಲದ ದಿನವೂ ಹೀಗೇ. ಜನ ನಾಟಕ ಅಂದುಕೊಳ್ಳುತ್ತಾರೆ, ಮೊದಲು ನಾನೂ ಅಂದುಕೊಂಡಿದ್ದೆ. ಬರೆಯುವುದಕ್ಕೆ ನಾಚಿಕೆ ಆಗುತ್ತದೆ, ಆದರೂ ಇರಲಿ.

ಮುದ್ದೆ ಕಟ್ಟುವ ಕೆಲಸ ಈಗ ನನ್ನದು. ಕೈ ನೀರಲ್ಲಿ ಅದ್ದಿ, ಹಬೆಯಾಡುವ ಹಿಟ್ಟು ಹಿಡಿದು ಉಂಡೆ ಮಾಡುವಾಗ ಎಷ್ಟು ಬಿಸಿ, ಎಷ್ಟು ಒತ್ತಬೇಕು, ಎಲ್ಲಿ ಗಂಟು ಉಳಿದಿದೆ ಎಲ್ಲಾ ಅಂಗೈಗೇ ತಿಳಿಯಬೇಕು. ನನ್ನ ಮೊದಲ ತಿಂಗಳ ಮುದ್ದೆ ನಮ್ಮ ನಾಯಿಯೂ ಮೂಸಿ ನೋಡಿ ಹೋಗಿತ್ತು.

ನಾಳೆ ಪರೀಕ್ಷೆ

ಉರಿ ಅಂದಿರಿ, ಅದಕ್ಕೆ ಒಂದು ಮಾತು. ಓದುವ ಬದಲು ಇಲ್ಲಿ ಕೂತಿದ್ದೇನೆ, ಇದೂ ಪಾಠವೇ ಅಂದುಕೊಳ್ಳುತ್ತೇನೆ. 2021ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಇದೇ ವಿಷಯಕ್ಕೆ, ಬಿಸಿ ಮತ್ತು ಸ್ಪರ್ಶ ನರಕ್ಕೆ ಹೇಗೆ ತಿಳಿಯುತ್ತದೆ ಎಂಬುದಕ್ಕೆ. ಡೇವಿಡ್ ಜೂಲಿಯಸ್ ಬಿಸಿಯ ಬಾಗಿಲನ್ನು ಹುಡುಕಿದ್ದು ಮೆಣಸಿನಕಾಯಿಯ ಖಾರ ಹಿಡಿದುಕೊಂಡು. ಖಾರವೂ ಸುಡುವ ಬಿಸಿಯೂ ನರದಲ್ಲಿ ಒಂದೇ ಬಾಗಿಲು ತಟ್ಟುತ್ತವೆ, ಮೆಣಸಿನಕಾಯಿ ಹೆಚ್ಚಿದ ಕೈ ಉರಿಯುವುದು ಅದಕ್ಕೇ. ಆರ್ಡೆಮ್ ಪಟಪೂಟಿಯನ್ ಕಂಡುಹಿಡಿದದ್ದು ಒತ್ತಿದರೆ ತೆರೆಯುವ ಬಾಗಿಲು, ಅದರ ಹೆಸರು ಪೀಜೋ. ಕೀಲು ಊದಿದಾಗ ಅಲ್ಲಿ ಸೇರುವ ರಾಸಾಯನಿಕಗಳು ಈ ಬಾಗಿಲುಗಳನ್ನು ಸಡಿಲ ಮಾಡಿಬಿಡುತ್ತವೆ. ಸಣ್ಣ ತಾಗುವಿಕೆಗೂ ತೆರೆದುಕೊಳ್ಳುತ್ತವೆ. ಬಹಳ ವರ್ಷ ನೋವು ತಿಂದವರಲ್ಲಿ ಬೆನ್ನುಹುರಿ, ಮೆದುಳು ಕೂಡ ದನಿ ದೊಡ್ಡದು ಮಾಡಿಕೊಂಡು ಕೇಳುವುದು ಕಲಿಯುತ್ತವೆ. ಊತ ಇಳಿದರೂ ಆ ದನಿ ಇಳಿಯದೆ ಇರಬಹುದು. ನಿಮ್ಮ ಮನೆಯವರದು ನಾಟಕ ಅಲ್ಲ.

ದಾಸವಾಳ

ಪರೀಕ್ಷೆ ಮಾಡಿದೆ. ಮಗಳು ಪರೀಕ್ಷಕಿ, ನಗುತ್ತಲೇ ಶುರು ಮಾಡಿದಳು, ಕೊನೆಗೆ ಅವಳ ಮುಖ ಸಣ್ಣದಾಯಿತು. ಚೀಲದಲ್ಲಿ ಬೀಗದ ಕೈ ಸಿಕ್ಕಿತು. ಹುಣಸೆಬೀಜವನ್ನು ಗುಂಡಿ ಅಂದೆ. ಎರಡೂ ನಾಣ್ಯ ನನಗೆ ಒಂದೇ. ಕಾಳುಮೆಣಸು ಕೈಯಲ್ಲಿ ಇದ್ದಾಗಲೂ "ಚೀಲದಲ್ಲಿ ಮೆಣಸು ಇಲ್ಲ" ಎಂದಿದ್ದೇನೆ.

ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕು. ಉಂಗುರ ಬೆರಳಿನಲ್ಲಿ ವಿಚಿತ್ರ, ನಡುಬೆರಳಿನ ಕಡೆ ಮಂಕು, ಕಿರುಬೆರಳಿನ ಕಡೆ ಚೆನ್ನಾಗಿ ಗೊತ್ತಾಗುತ್ತದೆ. ಕಿರುಬೆರಳು ಪೂರ್ತಿ ಸರಿ. ಎಡಗೈಯಲ್ಲಿ ಸ್ವಲ್ಪವೇ. ಹೌದು, ಘಾಟಿ ಡ್ರೈವರ್ ಅವರೇ, ರಾತ್ರಿ 3 ಗಂಟೆಗೆ ಎದ್ದು ಕೈ ಒದರುತ್ತೇನೆ. ಕೈ ಕೆಳಗೆ ಹಾಕಿ ಮಲಗಿದ್ದಕ್ಕೆ ಜೋಮು ಹಿಡಿದಿದೆ ಅಂದುಕೊಳ್ಳುತ್ತಿದ್ದೆ. ನಿಮಗೆ ಹೇಗೆ ಗೊತ್ತಾಯಿತು?

ಘಾಟಿ ಡ್ರೈವರ್

ಹೇಗೆ ಅಂದರೆ ನಾನೂ 3 ಗಂಟೆಗೆ ಎದ್ದು ಕೈ ಒದರಿದವನೇ. ಕಾರ್ಪಲ್ ಟನಲ್ ಅನ್ನುತ್ತಾರೆ. ಮಣಿಕಟ್ಟಿನಲ್ಲಿ ಒಂದು ಸುರಂಗ ಇದೆಯಂತೆ. ತಳದಲ್ಲಿ ಮೂಳೆ, ಮೇಲೆ ಗಟ್ಟಿ ಪಟ್ಟಿ, ಒಳಗೆ ಬೆರಳು ಮಡಚುವ 9 ದಾರಗಳು ಮತ್ತು ಒಂದು ನರ. ವಾತದಲ್ಲಿ ಆ ದಾರಗಳ ಹೊದಿಕೆ ಊದಿಕೊಂಡರೆ ಜಾಗ ಸಾಲುವುದಿಲ್ಲ. ಮಾರನಹಳ್ಳಿಯಿಂದ ಕೆಳಗೆ ಶಿರಾಡಿಯಲ್ಲಿ ಲಾರಿಗಳು ಸಾಲು ನಿಂತಾಗ ಒಂದು ಬೈಕಿಗೂ ಜಾಗ ಇರುವುದಿಲ್ಲ, ಹಾಗೆ. ಸಿಕ್ಕಿಹಾಕಿಕೊಳ್ಳುವುದು ನರ.

ನನಗೆ ಸ್ಟೇರಿಂಗ್ ಹಿಡಿದು ಅರ್ಧ ಗಂಟೆಗೆ ಬೆರಳು ಸತ್ತ ಹಾಗೆ. ಗೇರ್ ಹಾಕಿದ್ದು ಸದ್ದಿನಲ್ಲಿ ತಿಳಿಯುತ್ತಿತ್ತೇ ಹೊರತು ಕೈಗೆ ತಿಳಿಯುತ್ತಿರಲಿಲ್ಲ. ಮಳೆಗಾಲದ ಘಾಟಿ, ಮಂಜು, ಮುಂದೆ ಟ್ಯಾಂಕರ್, ಯೋಚಿಸಿ ನೋಡಿ. ನಾನು ತೋರಿಸಿದ ಮೊದಲ ಕಡೆ ಎಕ್ಸ್‌ರೇ ತೆಗೆದು "ಮೂಳೆ ಚೆನ್ನಾಗಿದೆ" ಎಂದು ಕಳಿಸಿದರು. ಮೂಳೆಯ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಆಮೇಲೆ ಬೇರೆ ಕಡೆ ಕರೆಂಟ್ ಟೆಸ್ಟ್ ಮಾಡಿದರು. ಸಣ್ಣ ಸಣ್ಣ ಶಾಕ್ ಕೊಟ್ಟು ನರದಲ್ಲಿ ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆ ಎಂದು ನೋಡುತ್ತಾರೆ. ನೋವು ಜಾಸ್ತಿ ಇರಲ್ಲ, ಬೇಲಿಯ ಕರೆಂಟ್ ತಾಗಿದವರಿಗೆ ಅದು ಏನೂ ಅಲ್ಲ. ಅಷ್ಟರಲ್ಲಿ ಹೆಬ್ಬೆರಳ ಬುಡದ ಮಾಂಸ ಇಳಿದು ಗುಂಡಿ ಬಿದ್ದಿತ್ತು. ಆಪರೇಷನ್ ಮಾಡಿ ಪಟ್ಟಿ ಕತ್ತರಿಸಿದರು, ಅರ್ಧ ಗಂಟೆಯ ಕೆಲಸ. ರಾತ್ರಿಯ ಜೋಮು ಮರುದಿನವೇ ಹೋಯಿತು. ಬೆರಳ ತುದಿಯ ಸ್ಪರ್ಶ ಬರುವುದಕ್ಕೆ ಎಂಟು ತಿಂಗಳಾಯಿತು. ಪೂರ್ತಿ ಬಂದಿಲ್ಲ. ಶರ್ಟಿನ ಗುಂಡಿ ಈಗಲೂ ಕನ್ನಡಿ ನೋಡಿಕೊಂಡೇ ಹಾಕುತ್ತೇನೆ. ಬೇಗ ಹೋಗಿದ್ದರೆ ಬೇರೆ ಥರ ಇರುತ್ತಿತ್ತು, ಅದೇ ಹೊಟ್ಟೆ ಉರಿ.

ಬೆರಳಚ್ಚು (ಚಿಕ್ಕಮಗಳೂರು)

ನನ್ನದು ಸ್ಕ್ಲೀರೋಡರ್ಮಾ. ಚರ್ಮ ಗಟ್ಟಿಯಾಗುತ್ತಾ, ಬಿಗಿಯಾಗುತ್ತಾ ಹೋಗುವ ಕಾಯಿಲೆ. ಸಂಧಿವಾತದ ಡಾಕ್ಟರೇ ನೋಡುತ್ತಾರೆ.

ಚಳಿಗೆ ನನ್ನ ಬೆರಳು ಬಣ್ಣ ಬದಲಾಯಿಸುತ್ತದೆ. ಮೊದಲು ಸುಣ್ಣದ ಹಾಗೆ ಬಿಳಿ, ಆಮೇಲೆ ನೀಲಿ, ರಕ್ತ ವಾಪಸ್ ಬರುವಾಗ ಕೆಂಪು. ರೇನೋ ಅನ್ನುತ್ತಾರೆ, 1862ರಲ್ಲಿ ಇದನ್ನು ಬರೆದಿಟ್ಟ ಫ್ರಾನ್ಸಿನ ಡಾಕ್ಟರ ಹೆಸರು. ಬಿಳಿ ಇರುವಾಗ ಆ ಬೆರಳು ನನ್ನದಲ್ಲ, ಯಾರದೋ ಮರದ ಬೆರಳು ಜೋಡಿಸಿದ ಹಾಗೆ. ಕೆಂಪಾಗುವಾಗ ಇರುವೆ ಮುತ್ತಿದ ಹಾಗೆ. ಡಿಸೆಂಬರ್ ಚಳಿ ಒಂದೇ ಅಲ್ಲ, ಫ್ರಿಜ್ಜಿನಿಂದ ಹಾಲಿನ ಪಾಕೆಟ್ ತೆಗೆದರೂ ಸಾಕು. ನೆಂಟರು ಬಂದರೆ ಮುಳ್ಳಯ್ಯನಗಿರಿ ತೋರಿಸು ಅನ್ನುತ್ತಾರೆ, ಗಾಳಿ ಬೀಸುವ ಆ 1,900 ಮೀಟರ್ ಎತ್ತರದಲ್ಲಿ ನಾನು ಕಾರಿನಿಂದ ಇಳಿಯುವುದೇ ಇಲ್ಲ.

ಬಣ್ಣ ಸರಿ ಇರುವ ದಿನವೂ ಚರ್ಮ ದಪ್ಪ. ಒಂದು ಕೈಗವಸು ಹಾಕಿಕೊಂಡು ಬದುಕಿದ ಹಾಗೆ, ಬಿಚ್ಚುವುದಕ್ಕೆ ಬರುವುದಿಲ್ಲ ಅಷ್ಟೇ. ಬೇಲೂರಿನ ಕಂಬಗಳು ಎಷ್ಟು ನುಣುಪು ಎಂದು ಚಿಕ್ಕವಳಿದ್ದಾಗ ಕೈ ಸವರಿ ನೋಡಿದ್ದು ನೆನಪಿದೆ. ಹೋದ ವರ್ಷ ಹೋದಾಗ ನುಣುಪು ಎಂದು ಕಣ್ಣು ಹೇಳಿತು, ಕೈ ಏನೂ ಹೇಳಲಿಲ್ಲ. ಅಣ್ಣನ ಮಗುವಿನ ಕೆನ್ನೆಯೂ ಹಾಗೇ. ಅದಕ್ಕೀಗ ನನ್ನ ಕೆನ್ನೆಯನ್ನೇ ಅದರ ಕೆನ್ನೆಗೆ ಒತ್ತುತ್ತೇನೆ.

ನನ್ನ ಹೆಸರು ಬೆರಳಚ್ಚು ಯಾಕೆ ಅಂದರೆ, ರೇಷನ್ ಅಂಗಡಿಯ ಯಂತ್ರಕ್ಕೆ ನನ್ನ ಹೆಬ್ಬೆರಳು ಇಷ್ಟವಿಲ್ಲ. ನಾಲ್ಕು ಸಲ ಒತ್ತಿಸಿ, ಒರೆಸಿಸಿ, "ನಾಳೆ ಬನ್ನಿ" ಎಂದು ಕಳಿಸಿದ್ದರು. ನಾಳೆ ಬಂದರೆ ಬೆರಳು ಹೊಸದಾಗಿ ಬೆಳೆದಿರುತ್ತಾ? ಮೊಬೈಲಿಗೂ ಅಷ್ಟೇ, ಒಣಗಿ ತಣ್ಣಗಿರುವ ಬೆರಳನ್ನು ಅದರ ಗಾಜು ಗುರುತಿಸುವುದಿಲ್ಲ. ಈ ಪೂರ್ತಿ ಬರಹ ಬೆರಳಿನ ಗೆಣ್ಣಿನಲ್ಲಿ ಒತ್ತಿ ಬರೆದದ್ದು, ತಪ್ಪಿದ್ದರೆ ಕ್ಷಮಿಸಿ.

ಕಣದ ಹುಡುಗ (ಆಲ್ದೂರು)

ಅಕ್ಕ, ಆಧಾರಿಗೆ ಕಣ್ಣಿನ ಪಾಪೆಯೂ ಕೊಟ್ಟಿರುತ್ತೇವಲ್ಲ. ಮೊಬೈಲ್ ನಂಬರ್ ಸೇರಿಸಿದ್ದರೆ ಒಟಿಪಿಯೂ ಬರುತ್ತದೆ. ಹೆಬ್ಬೆರಳೇ ಬೇಕು ಅಂತಿಲ್ಲ, ಬೇರೆ ಬೆರಳೂ ಇಡಬಹುದು. ಗಟ್ಟಿಯಾಗಿ ಕೇಳಿ.

ನನ್ನ ತಾಯಿಯದೂ ಸ್ವಲ್ಪ ಹೀಗೇ. ತೋಟದಲ್ಲಿ ಕಾಫಿ ಕುಯ್ಯುತ್ತಾರೆ. ಹಣ್ಣನ್ನು ಎಳೆಯಬಾರದು, ಬೆರಳಲ್ಲಿ ತಿರುವಬೇಕು, ತೊಟ್ಟು ಗಿಡದಲ್ಲೇ ಉಳಿಯಬೇಕು. ಹಣ್ಣಾಗಿದೆಯಾ ಎಂದು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ ಎಂದು ಅವರೇ ಹೇಳುತ್ತಿದ್ದರು, ಹಣ್ಣು ಒತ್ತಿದರೆ ಬೀಜ ಚಿಮ್ಮುತ್ತದೆ, ದೋರೆಕಾಯಿ ಒತ್ತಿದರೆ ಅಲ್ಲಾಡುವುದಿಲ್ಲ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ಊರಿಗೆ ಊರೇ ಮಲಗಿತ್ತಲ್ಲ, ಆಗಿನಿಂದ ಅವರ ಬೆರಳ ಗಂಟು ನೋವು ಹೋಗಿಲ್ಲ. ಹೋದ ವರ್ಷ ಕಿರುಬೆರಳು, ಉಂಗುರ ಬೆರಳು ಮರಗಟ್ಟಿತು. ನಾವು ಅದೇ ಚಿಕುನ್‌ಗುನ್ಯಾ ವಾತ ಅಂದುಕೊಂಡೆವು. ಆಶಾ ಅಕ್ಕ ಮನೆಗೆ ಬಂದಾಗ ಮೊಣಕೈ ಹತ್ತಿರ ಬಿಳಿಚಿದ ಮಚ್ಚೆ ಕಂಡು ಆಸ್ಪತ್ರೆಗೆ ಕಳಿಸಿದರು. ಕುಷ್ಠ.

ಎರಡು ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಗೊತ್ತಾಯಿತು, ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ವಾಸಿ ಆಗುತ್ತದೆ, ಮಾತ್ರೆ ಶುರು ಮಾಡಿದ ಮೇಲೆ ಬೇರೆಯವರಿಗೆ ಹರಡುವ ಭಯವೂ ಇಲ್ಲ. ಊರಲ್ಲಿ ಹೇಳಿಲ್ಲ. ಇಲ್ಲಿ ಹೆಸರಿಲ್ಲ ಅಂತ ಬರೆಯುತ್ತಿದ್ದೇನೆ.

ಕೈಕೆಲಸ

ಕಣದ ಹುಡುಗ, ಬರೆದದ್ದು ಬಹಳ ಒಳ್ಳೆಯದಾಯಿತು. ಕುಷ್ಠ ಕೆಲವರಲ್ಲಿ ಕೀಲು ಊತ, ನೋವನ್ನೂ ತರುತ್ತದೆ, ವಾತ ಎಂದೇ ತಪ್ಪು ತಿಳಿಯುವುದು ಹೊಸದಲ್ಲ. ಕಿರುಬೆರಳ ಕಡೆ ಮರಗಟ್ಟಿದರೆ ಮೊಣಕೈ ಹಿಂದೆ ಹೋಗುವ ನರ ದಪ್ಪಗಿದೆಯಾ ಎಂದು ಮುಟ್ಟಿ ನೋಡುತ್ತಾರೆ. ಮಚ್ಚೆ ಇದ್ದು ಅಲ್ಲಿ ಸ್ಪರ್ಶ ಇಲ್ಲದಿದ್ದರೆ ಅನುಮಾನ ಬೇಡ, ತೋರಿಸಿ. ಸ್ಪರ್ಶ ಅಳೆಯಲು ನಾವು ಇಟ್ಟುಕೊಳ್ಳುವ ನೈಲಾನ್ ಎಳೆಗಳು ಕುಷ್ಠ, ಸಕ್ಕರೆ ಕಾಯಿಲೆ, ವಾತ ಮೂರಕ್ಕೂ ಅವೇ. ಸಣ್ಣದರಿಂದ ದಪ್ಪದವರೆಗೆ ಒಂದೊಂದೇ ಎಳೆಯನ್ನು ಚರ್ಮಕ್ಕೆ ಒತ್ತಿ ಬಗ್ಗಿಸುತ್ತೇವೆ, ಯಾವುದು ಮೊದಲು ಗೊತ್ತಾಗುತ್ತದೆ ಎಂದು ಬರೆದುಕೊಳ್ಳುತ್ತೇವೆ. ಇನ್ನೊಂದು, ಎರಡು ಮೊನೆ ಇಟ್ಟು ಒಂದಾ ಎರಡಾ ಎಂದು ಕೇಳುವುದು. ಚೆನ್ನಾಗಿರುವ ಬೆರಳ ತುದಿ 2-3 ಮಿಲಿಮೀಟರ್ ದೂರವನ್ನೂ ಎರಡು ಅನ್ನುತ್ತದೆ. ಬೆನ್ನಿನ ಮೇಲೆ 3-4 ಸೆಂಟಿಮೀಟರ್ ಬೇಕು.

ಬೆರಳಚ್ಚು, ಕೆಂಪಾಗಲಿ ಎಂದು ಕೈಯನ್ನು ಒಲೆಗೆ, ಕುದಿನೀರಿಗೆ ಹಿಡಿಯಬೇಡಿ. ನಿಮಗೆ ಗೊತ್ತಿರುತ್ತದೆ, ಓದುವ ಬೇರೆಯವರಿಗೆ ಹೇಳುತ್ತಿದ್ದೇನೆ. ಬಿಸಿ ತಿಳಿಯದ ಕೈ ಸುಟ್ಟ ಮೇಲೆ ತಿಳಿಯುತ್ತದೆ. ಕಂಕುಳಲ್ಲಿ ಇಟ್ಟುಕೊಳ್ಳುವುದು, ಉಗುರುಬೆಚ್ಚಗಿನ ನೀರು, ಅಷ್ಟು ಸಾಕು.

ಬೆರಳಚ್ಚು

ಗೊತ್ತಿದೆ, ಎರಡು ಸಲ ಸುಟ್ಟುಕೊಂಡ ಮೇಲೆ. ಈಗ ಮೈಯನ್ನೇ ಬೆಚ್ಚಗಿಡುತ್ತೇನೆ, ಬರೀ ಕೈಗವಸು ಸಾಲದು, ಎದೆ ತಣ್ಣಗಾದರೆ ಬೆರಳು ಬಿಳಿಯಾಗುತ್ತದೆ. ಮನೆಯಲ್ಲಿ ಬೀಡಿ ಸೇದುವವರನ್ನು ಅಂಗಳಕ್ಕೆ ಅಟ್ಟಿದ್ದೇನೆ. ರಕ್ತನಾಳ ಅಗಲ ಮಾಡುವ ನಿಫೆಡಿಪಿನ್ ಕೊಟ್ಟಿದ್ದಾರೆ, ತಲೆನೋವು ಬರುತ್ತದೆ, ಆದರೆ ಬೆರಳ ತುದಿಯ ಹುಣ್ಣು ನಿಂತಿದೆ.

ಅಜ್ಜಂಪುರ ಅಜ್ಜಿ

ನೀವೆಲ್ಲಾ ದೊಡ್ಡ ದೊಡ್ಡ ಹೆಸರು ಹೇಳುತ್ತೀರಿ. ನನಗೆ 71. ವಯಸ್ಸಾದರೆ ಕೈ ಮಂಕಾಗುತ್ತದೆ ಅಷ್ಟೇ. ಮೊದಲು ಕೆಚ್ಚಲು ಮುಟ್ಟಿದರೆ ಹಸುವಿಗೆ ಬಾವು ಬರುತ್ತಿದೆ ಎಂದು ಹಿಂದಿನ ದಿನವೇ ಹೇಳುತ್ತಿದ್ದೆ. ಈಗ ಮೊಮ್ಮಗ ಹೇಳಿದ ಮೇಲೆ ಗೊತ್ತಾಗುತ್ತದೆ. ಹೆಬ್ಬೆರಳ ಬುಡ ಸವೆದಿದೆ, ಚೊಂಬು ಜಾರುತ್ತದೆ. ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ಅವಳಿಗೂ ಕೈ ನೋವಂತೆ, ಅದು ಮೊಬೈಲಿನದು.

ಕೈಕೆಲಸ

ಅಜ್ಜಿ, ನೀವು ಹೇಳಿದ್ದು ನಿಜ. ವಯಸ್ಸಾದಂತೆ ಬೆರಳ ತುದಿಯಲ್ಲಿ ಸ್ಪರ್ಶ ಹಿಡಿಯುವ ಕಣಗಳು ಕಡಿಮೆ ಆಗುತ್ತವೆ. ಆದರೆ ಅದು ಮೆಲ್ಲಗೆ, ಎರಡೂ ಕೈಗೆ, ಎಲ್ಲಾ ಬೆರಳಿಗೆ ಆಗುತ್ತದೆ. ಮೂರೂವರೆ ಬೆರಳು ಆರಿಸಿಕೊಂಡು ರಾತ್ರಿ 3 ಗಂಟೆಗೆ ಎಬ್ಬಿಸುವುದಿಲ್ಲ. ದಾಸವಾಳ ಅವರಿಗೆ 47 ಅಷ್ಟೇ.

ಕಲ್ಪತರು

ನಮ್ಮ ಕಡೆ ಒಬ್ಬರು ಪುಡಿ ಕೊಡುತ್ತಾರೆ. ವಾತಕ್ಕೆ ರಾಮಬಾಣ. ಎರಡೇ ದಿನಕ್ಕೆ ಕೈ ಹಗುರ. ಬೇಕಾದವರು ಕೇಳಿ.

ಘಾಟಿ ಡ್ರೈವರ್

ಎರಡೇ ದಿನಕ್ಕೆ ಹಗುರ ಆಗುವ ಪುಡಿಯಲ್ಲಿ ಏನಿರುತ್ತದೆ ಎಂದು ನನ್ನ ಭಾವನ ಮುಖ ನೋಡಿದವರಿಗೆ ಗೊತ್ತು. ಮೂರು ತಿಂಗಳಿಗೆ ಮುಖ ಪೂರಿ ಥರ ಊದಿತು, ಸಕ್ಕರೆ ಏರಿತು. ಒಳಗೆ ಸ್ಟಿರಾಯ್ಡ್ ಬೆರೆಸಿದ್ದರು. ಮತ್ತೆ ಒಮ್ಮೆಲೇ ನಿಲ್ಲಿಸಿದ್ದಕ್ಕೆ ಬೇರೆ ಅವಾಂತರ. ಅಣ್ಣಾ ನಿಮ್ಮ ಮೇಲೆ ಕೋಪ ಇಲ್ಲ, ಆದರೆ ಆ ಪುಡಿಯನ್ನು ಇಲ್ಲಿ ಮಾರಬೇಡಿ.

ನಾಳೆ ಪರೀಕ್ಷೆ

ಪರೀಕ್ಷೆ ಮುಗಿಯಿತು, ನರದ ಪ್ರಶ್ನೆ ಬರಲೇ ಇಲ್ಲ. ಇಷ್ಟು ಓದಿದ್ದಕ್ಕೆ ಒಂದೆರಡು ಮಾತು ಇಲ್ಲೇ ಬರೆದುಬಿಡುತ್ತೇನೆ.

ವಾತದವರ ಮರಗಟ್ಟುವಿಕೆ ಎಲ್ಲಾ ಮಣಿಕಟ್ಟಿನದೇ ಆಗಿರಬೇಕಿಲ್ಲ. ರುಮಟಾಯ್ಡ್ ಬಹಳ ವರ್ಷ ಇದ್ದರೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತವೂ ಸಡಿಲ ಆಗಬಹುದು. ಎರಡೂ ಕೈ ಒಟ್ಟಿಗೆ ಮಂಕಾಗಿ, ನಡೆಯುವಾಗ ತೂರಾಡಿ, ಕುತ್ತಿಗೆ ಬಗ್ಗಿಸಿದಾಗ ಬೆನ್ನಲ್ಲಿ ಶಾಕ್ ಹೊಡೆದ ಹಾಗಾದರೆ ಕಾಯಬಾರದು. ಅಂಥವರು ಕುತ್ತಿಗೆ ಲಟಿಕೆ ತೆಗೆಸಿಕೊಳ್ಳಲೇಬಾರದು, ಕ್ಷೌರದ ಅಂಗಡಿಯಲ್ಲಂತೂ. ಇನ್ನು ರಾತ್ರಿ ಬೆಳಗಾಗುವುದರಲ್ಲಿ ಮುಂಗೈ ಜೋತುಬಿದ್ದರೆ, ಪಾದ ಎತ್ತಲು ಆಗದಿದ್ದರೆ ಅದು ನರಕ್ಕೆ ರಕ್ತ ಕೊಡುವ ನಾಳದ ಉರಿಯೂತ ಇರಬಹುದು, ಅವತ್ತೇ ಓಡಬೇಕು. ಶೋಗ್ರೆನ್ (ಕಣ್ಣು, ಬಾಯಿ ಒಣಗುವ ಕಾಯಿಲೆ), ಲೂಪಸ್ (ಮೈಯ ರಕ್ಷಣೆಯೇ ಮೈಗೆ ತಿರುಗಿಬೀಳುವ ಕಾಯಿಲೆ) ಇರುವವರಿಗೂ ನರ ಕೆಡಬಹುದು. ವಾತಕ್ಕೆ ಕೊಡುವ ಲೆಫ್ಲುನಮೈಡ್ ಮಾತ್ರೆಯಿಂದಲೂ ಕೆಲವರಿಗೆ ಪಾದ, ಕೈ ಜುಮ್ಮೆನ್ನುತ್ತದೆ. ಹಾಗೆಂದು ಮಾತ್ರೆ ತಾವೇ ಬಿಡಬೇಡಿ, ಕೊಟ್ಟವರಿಗೆ ಹೇಳಿ. ಥೈರಾಯ್ಡ್ ಕಡಿಮೆ ಇದ್ದರೆ, ಸಕ್ಕರೆ ಇದ್ದರೆ, ಬಸುರಿದ್ದಾಗಲೂ ಮಣಿಕಟ್ಟಿನ ಸುರಂಗ ಇಕ್ಕಟ್ಟಾಗುತ್ತದೆ. ಸಕ್ಕರೆಯವರು ಒಮ್ಮೆ ಕೈ ಮುಗಿದು ನೋಡಿ, ಅಂಗೈ ಬೆರಳು ಪೂರ್ತಿ ಕೂಡದೆ ನಡುವೆ ಬೆಳಕು ಕಂಡರೆ ಅದನ್ನೂ ಹೇಳಿ.

ಮುದ್ದೆ ಬಸ್ಸಾರು

ಈ ಚರ್ಚೆ ಪೂರ್ತಿ ಹೆಂಡತಿಗೆ ಓದಿ ಹೇಳಿದೆ. "ಬಾಗಿಲು ಸಡಿಲ ಆಗಿದೆ" ಅನ್ನುವ ಮಾತು ಅವಳಿಗೆ ಹಿಡಿಸಿತು. ಅತ್ತೆಗೂ ಹಾಗೇ ಹೇಳಿದಳಂತೆ. ಬಳೆಯನ್ನು ಈಗ ತೋಳಬಳೆಯ ಹಾಗೆ ಮೇಲೆ ಹಾಕುತ್ತಾಳೆ.

ಒಂದು ಪ್ರಶ್ನೆ. ಕಡಿಮೆ ಸ್ಪರ್ಶ ಇರುವವರಿಗೆ ಅಡುಗೆಮನೆಯಲ್ಲಿ ಏನು ಮಾಡಬಹುದು?

ಘಾಟಿ ಡ್ರೈವರ್

ನನ್ನ ಅನುಭವ ಹೇಳುತ್ತೇನೆ. ಗಾಜು ಬಿಟ್ಟು ಸ್ಟೀಲ್. ಲೋಟಕ್ಕೆ ಹಳೆಯ ಸೈಕಲ್ ಟ್ಯೂಬಿನ ಬಳೆ ಹಾಕಿದ್ದೇನೆ, ಜಾರುವುದಿಲ್ಲ, ಚಂದವೂ ಇಲ್ಲ. ಚಾಕು ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಬಿಸಿಯೋ ತಣ್ಣಗೋ ಎಂದು ಮೊಣಕೈಯಲ್ಲಿ ನೋಡಿ, ಮಗುವಿನ ಸ್ನಾನದ ನೀರು ನೋಡುವ ಹಾಗೆ. ನೋಟಿನ ಅಂಚಿನಲ್ಲಿ ಕುರುಡರಿಗೆಂದು ಉಬ್ಬು ಗೆರೆ ಇರುತ್ತವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಆಪರೇಷನ್ ಆದ ಮೇಲೆ ಲಾರಿ ಕಾಯುವಾಗೆಲ್ಲ ಅವನ್ನು ಎಣಿಸುವುದೇ ನನ್ನ ಅಭ್ಯಾಸ ಆಗಿತ್ತು. ಜನ ದುಡ್ಡು ಮುದ್ದು ಮಾಡುತ್ತಾನೆ ಅಂದುಕೊಂಡರು.

ಕೈಕೆಲಸ

ಅದು ನಿಜವಾದ ಅಭ್ಯಾಸ, ನಗಬೇಡಿ. ಅಕ್ಕಿಯ ಡಬ್ಬದಲ್ಲಿ ಗುಂಡಿ ಹುದುಗಿಸಿ ಹುಡುಕಿಸುತ್ತೇವೆ, ಮರಳು ಕಾಗದ, ರೇಷ್ಮೆ, ಗೋಣಿ ಮುಟ್ಟಿಸಿ ಹೆಸರು ಹೇಳಿಸುತ್ತೇವೆ. ಒಮ್ಮೆ ನೋಡಿ, ಒಮ್ಮೆ ಕಣ್ಣು ಮುಚ್ಚಿ. ನರದ ಮೇಲಿನ ಒತ್ತಡ ಇಳಿದ ಮೇಲೆ ಮೆದುಳಿಗೆ ಆ ಬೆರಳಿನ ಮಾತು ಮತ್ತೆ ರೂಢಿ ಆಗಬೇಕು. ಒತ್ತಡ ಇರುವಾಗ ಎಷ್ಟು ಅಕ್ಕಿ ಕೆದಕಿದರೂ ಉಪಯೋಗ ಕಡಿಮೆ. ಅದಕ್ಕೆ ಮೊದಲು ಡಾಕ್ಟರ್.

ದಾಸವಾಳ

ಐದು ವಾರ ಆಯಿತು, ಸುದ್ದಿ ಹೇಳುತ್ತೇನೆ.

ಚೀಟಿ ಬರೆದುಕೊಂಡು ಹೋದೆ. ಯಾವ ಬೆರಳು, ಯಾವ ಬದಿ, ಎಷ್ಟು ಗಂಟೆಗೆ, ಎಷ್ಟು ಲೋಟ. ಡಾಕ್ಟರ್ ಚೀಟಿ ಓದಿ ಸುಮ್ನೆ ನನ್ನ ಮಣಿಕಟ್ಟು ಒತ್ತಿ ಹಿಡಿದರು, ಅರ್ಧ ನಿಮಿಷದಲ್ಲಿ ನಡುಬೆರಳು ಚುಮುಚುಮು. "ಇದನ್ನು ಯಾಕೆ ಮೊದಲೇ ಹೇಳಲಿಲ್ಲ" ಅಂದರು. ನೀವು ಕೇಳಲಿಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಳ್ಳೆಯವರೇ, ಹೊರಗೆ ಅರವತ್ತು ಜನ ಕೂತಿದ್ದರು.

ಕರೆಂಟ್ ಟೆಸ್ಟ್‌ನಲ್ಲಿ ಬಲಗೈ ಮಧ್ಯಮ, ಎಡಗೈ ಸ್ವಲ್ಪ. ಥೈರಾಯ್ಡ್ ಸರಿ ಇದೆ. ಬಿ 12 ನಿಜವಾಗಿಯೂ ಸ್ವಲ್ಪ ಕಡಿಮೆ ಇತ್ತು, ಕಲ್ಪತರು ಅವರು ನಗಬಹುದು. ನೋವು ಇಲ್ಲದಿದ್ದರೂ ಮಣಿಕಟ್ಟಿನ ಒಳಗೆ ಊತ ಇದೆ ಎಂದು ಸ್ಕ್ಯಾನ್‌ನಲ್ಲಿ ತೋರಿಸಿದರು. ಮಾತ್ರೆ ಬದಲಿಸಿದರು, ಬಲ ಮಣಿಕಟ್ಟಿಗೆ ಒಂದು ಇಂಜೆಕ್ಷನ್. ರಾತ್ರಿ ಕೈ ನೇರ ಇರಲು ಪಟ್ಟಿ. ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ ಆಪರೇಷನ್ ಮಾತು.

3 ಗಂಟೆಯ ಎಚ್ಚರ ನಿಂತಿದೆ. ಮೊದಲ ರಾತ್ರಿ ಪಟ್ಟಿ ಕಟ್ಟಿದ ಕೈ ತಾಗಿ ಮನೆಯವರ ಮೂಗಿಗೆ ಏಟು, ಈಗ ಗೋಡೆ ಕಡೆ ಮಲಗುತ್ತೇನೆ. ಲೋಟ ಈ ತಿಂಗಳು ಒಂದೇ ಹೋಯಿತು, ಅದೂ ಮಗಳ ಕೈಯಿಂದ. ಹೂ ಇನ್ನೂ ನೋಡಿಕೊಂಡೇ ಕಟ್ಟುತ್ತೇನೆ. ತೋರುಬೆರಳು ಹಾಗೇ ಇದೆ.

ನಿನ್ನೆ ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು. ಮೊಬೈಲ್ ಚಾರ್ಜ್ ಇರಲಿಲ್ಲ. ದೇವರ ಮನೆಯಲ್ಲಿ ತಡಕಾಡಿ ಬೆಂಕಿಪೊಟ್ಟಣ ತೆಗೆದು, ಕಡ್ಡಿ ಹಿಡಿದು, ಮದ್ದಿನ ತುದಿ ಯಾವುದು ಎಂದು ಹೆಬ್ಬೆರಳಲ್ಲಿ ಸವರಿದೆ. ಗೊತ್ತಾಯಿತು.

ಘಾಟಿ ಡ್ರೈವರ್

ಮೊದಲನೇ ಸಲಕ್ಕೇನಾ?

ದಾಸವಾಳ

ಎರಡನೇ ಸಲಕ್ಕೆ.